ಬತ್ತೀನಿ ಅಂತ ಮಡಗಿಹೋದ ಕ್ಯಾನು

ಆ ಮಾತನ್ನು ಡೈರಿಯ ಹೊರಗೆ, ಹಾಲು ಹಾಕಲು ಬಂದವರೆಲ್ಲರ ಮುಂದೆ ಹೇಳಿದೆನೋ, ಇಲ್ಲ ಒಳಗೆ ಸೆಕ್ರೆಟರಿಯೊಬ್ಬರಿಗೆ ಮಾತ್ರ ಹೇಳಿದೆನೋ, ನನಗೆ ಖಾತ್ರಿಯಿಲ್ಲ. ಹೊರಗೇ ಹೇಳಿದೆ ಎಂದು ಒಂದು ವರ್ಷಕ್ಕೂ ಮಿಕ್ಕಿ ನಂಬಿಕೊಂಡಿದ್ದೆ. ಚಿತ್ರ ಕಣ್ಣಿಗೆ ಕಟ್ಟಿದಂತಿದೆ: ಬೆಳಗಿನ ಬಿಸಿಲು, ಸಾಲಾಗಿ ಇಟ್ಟ ಸ್ಟೀಲ್ ಕ್ಯಾನುಗಳು, ತಲೆಗೆ ಟವೆಲ್ ಸುತ್ತಿದ ಒಬ್ಬ ಮುದುಕರು ನನ್ನ ಕಡೆ ತಿರುಗುವುದು, ನಾನು "ತಪ್ಪು ಅಕ್ಕಂದಲ್ಲ, ನಂದು" ಎನ್ನುವುದು. ವಿಶ್ವವಿದ್ಯಾಲಯದಲ್ಲಿ ಓದಿದಷ್ಟು ವರ್ಷ ನಾನು ಕಲಿತದ್ದೇನಾದರೂ ಇದ್ದರೆ ಅದು ಅನುಮಾನಿಸುವುದು. ದೇವರನ್ನು, ಪತ್ರಿಕೆಯನ್ನು, ಮೇಷ್ಟರನ್ನು, ಎಲ್ಲವನ್ನೂ ಅನುಮಾನಿಸಿದೆ. ಈ ಚಿತ್ರವನ್ನು ಮಾತ್ರ ಬಿಟ್ಟಿದ್ದೆ. ಅದು ನನಗೆ ಅನುಕೂಲವಾಗಿತ್ತು.

ಮಂಡ್ಯದಲ್ಲಿ ಬಟ್ಟೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನಮ್ಮ ಕಚೇರಿ. ಊರೂರಿನ ಹಾಲಿನ ಡೈರಿಗಳಿಗೆ ಮೊಬೈಲ್ ಆಪ್ ಮಾಡಿಕೊಡುವುದು ನಮ್ಮ ಕೆಲಸ. ಡೈರಿಯಲ್ಲಿ ಹಾಲಿನ ಫ್ಯಾಟ್ ನೋಡುವ ಮಿಷನ್ ಇರುತ್ತದೆ. ಮೊದಲು ಸೆಕ್ರೆಟರಿ ಮಿಷನ್ ತೋರಿಸಿದ ಅಂಕಿಯನ್ನು ಕಣ್ಣಲ್ಲಿ ನೋಡಿ ಕೈಯಲ್ಲಿ ಬರೆದುಕೊಳ್ಳುತ್ತಿದ್ದರು. ನಮ್ಮ ಆಪ್ ಬಂದ ಮೇಲೆ ಫೋನೇ ಆ ಮಿಷನ್ ಅನ್ನು ಬ್ಲೂಟೂತ್‌ನಲ್ಲಿ ಹುಡುಕಿ, ಸಿಕ್ಕ ಕೂಡಲೇ ಅಂಕಿಯನ್ನು ಓದಿಕೊಂಡು, ಹಾಲು ಹಾಕಿದವರ ಹೆಸರಿನ ಮುಂದೆ ಹಾಕುತ್ತಿತ್ತು. ಆ ಹುಡುಕುವ ಭಾಗವನ್ನು ಬರೆದದ್ದು ನಾನು.

ಹುಡುಕುವುದಕ್ಕೆ ಹೊತ್ತು ಹಿಡಿಯುತ್ತದೆ. ಕೆಲವೊಮ್ಮೆ ಮಿಷನ್ ತಕ್ಷಣ ಸಿಗುತ್ತದೆ, ಕೆಲವೊಮ್ಮೆ ಸತಾಯಿಸುತ್ತದೆ. ಅಷ್ಟು ಹೊತ್ತೂ ಆಪ್ ಕೈಕಟ್ಟಿ ನಿಂತಿರಲು ಆಗುವುದಿಲ್ಲ. ಹಾಗಾಗಿ ಫೋನಿಗೆ ಒಂದು ಮಾತು ಹೇಳಿ ಬಿಟ್ಟಿರಬೇಕು: ಮಿಷನ್ ಸಿಕ್ಕಿದಾಗ ನನ್ನನ್ನು ಕರೆ, ಅಂಕಿಯನ್ನು ಇಂಥವರ ಹೆಸರಿಗೆ ಬರೆಯುತ್ತೇನೆ. ಹೀಗೆ ಹೇಳಿ ಬಿಟ್ಟ ತುಣುಕಿಗೆ ನಮ್ಮ ಕಸುಬಿನಲ್ಲಿ ಕಾಲ್‌ಬ್ಯಾಕ್ ಎನ್ನುತ್ತೇವೆ. ಅದನ್ನು ಬರೆಯುವುದು ಕಷ್ಟವಲ್ಲ. ಅದು ಎಲ್ಲಿಯವರೆಗೆ ಬದುಕಿರಬೇಕು, ಅದನ್ನು ಯಾರು ಮುಗಿಸಬೇಕು ಎಂಬುದು ಕಷ್ಟ. ಬೇಗ ಸತ್ತರೆ, ಫೋನು ಕರೆಯುವ ಹೊತ್ತಿಗೆ ಅಲ್ಲಿ ಯಾರೂ ಇರುವುದಿಲ್ಲ. ಸಾಯದೇ ಉಳಿದರೆ, ಮರೆತುಹೋದ ಯಾವುದೋ ಕೆಲಸಕ್ಕೆ ಯಾವುದೋ ಹೊತ್ತಿನಲ್ಲಿ ಎದ್ದು ಬರುತ್ತದೆ.

ಮೊದಲು ಆಪನ್ನು ಮಳವಳ್ಳಿ ಕಡೆ, ಕಿರುಗಾವಲಿನ ಹತ್ತಿರದ ಒಂದು ಊರಿನ ಡೈರಿಯಲ್ಲಿ ಓಡಿಸಿ ನೋಡಿದೆವು. ನನ್ನ ಹೆಂಡತಿಯ ತವರು ಅದೇ ಸೀಮೆ. ಅಲ್ಲಿ ಒಂದು ತೊಂದರೆಯೂ ಬರಲಿಲ್ಲ. ನಾನು ಬೀಗಿದೆ. ಆಮೇಲೆ ಮದ್ದೂರು ತಾಲ್ಲೂಕಿನಲ್ಲಿ, ಬೆಸಗರಹಳ್ಳಿ ದಾಟಿ ಹೋಗುವ ಒಂದು ಊರಿಗೆ ಕೊಟ್ಟೆವು. ಅಲ್ಲಿನ ಸೆಕ್ರೆಟರಿ ಆ ವಾರವೇ ಫೋನ್ ಮಾಡಿದರು.

"ಸಾರ್, ನಿಮ್ ಆಪು ತನ್ನಷ್ಟಕ್ ತಾನೇ ಮುಚ್ಕಂಡ್ ಓಯ್ತಾ ಅದೆ. ಜನ ನನ್ನೇ ಮುಚ್ಚಂಗವ್ರೆ."

ಕಾರಣ ಬೇಗ ಸಿಕ್ಕಿತು. ಅವರು ಆಪಿನಲ್ಲಿ ಒಬ್ಬರ ಪುಟ ತೆರೆದು, ಹುಡುಕಾಟ ಮುಗಿಯುವ ಮೊದಲೇ ಅದನ್ನು ಮುಚ್ಚಿ ಇನ್ನೊಬ್ಬರ ಪುಟ ತೆರೆಯುತ್ತಿದ್ದರು. ಪುಟ ಮುಚ್ಚಿದರೆ ಅದರ ಕಾಲ್‌ಬ್ಯಾಕ್ ಕೂಡ ಸಾಯುವಂತೆ ನಾನು ಬರೆದಿದ್ದೆ. ಆದರೆ ಫೋನಿಗೆ "ಇನ್ನು ಕರೆಯಬೇಡ" ಎಂದು ಹೇಳಿರಲಿಲ್ಲ. ಮಿಷನ್ ಸಿಕ್ಕಿದಾಗ ಫೋನು ಸತ್ತವನನ್ನು ಕರೆಯುತ್ತಿತ್ತು, ಆಪು ಬೀಳುತ್ತಿತ್ತು. ಯಾಕೆ ಅವರು ಹಾಗೆ ಪುಟ ಮುಚ್ಚಿ ತೆರೆದು ಮಾಡುತ್ತಾರೆ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಯಾವ ಕಾಲ್‌ಬ್ಯಾಕೂ ಸಾಯದಂತೆ ಎಲ್ಲವನ್ನೂ ಒಂದು ಕಡೆ ಭದ್ರವಾಗಿ ಹಿಡಿದಿಟ್ಟೆ. ಬಿಟ್ಟುಬಿಡುವ ಸಾಲನ್ನು ಆಮೇಲೆ ಬರೆದರಾಯಿತು ಎಂದುಕೊಂಡೆ. ಆಪು ಬೀಳುವುದು ನಿಂತಿತು. ಸೆಕ್ರೆಟರಿ ಫೋನ್ ಮಾಡಿ ಹೊಗಳಿದರು, ನಾನು ಹೊಗಳಿಸಿಕೊಂಡೆ.

ಕೆಲವು ವಾರದ ಮೇಲೆ ಮತ್ತೆ ಅವರ ಫೋನ್ ಬಂತು.

"ಆಪು ಸರಿಯಾಗ್ ಅದಾ ಸಾರ್? ಇಲ್ಲೊಬ್ರು ಎಮ್ಮೆ ಹಾಲು ಸೀಮೆಹಸಿನ್ ಹಾಲಂಗೆ ತೋರುಸ್ತಾ ಅದೆ. ಫ್ಯಾಟೇ ಇಲ್ಲ."

ನಾನು ಊಟ ಮಾಡುತ್ತಿದ್ದೆನೋ, ಬೇರೇನೋ ಕೆಲಸದಲ್ಲಿದ್ದೆನೋ ನೆನಪಿಲ್ಲ. ಹೇಳಿದ್ದು ನೆನಪಿದೆ. "ಆಪಲ್ಲಿ ಏನೂ ತೊಂದರೆ ಇಲ್ಲ. ಹಾಲೇ ಹಂಗಿರಬಹುದು."

ಆದರೂ ಒಳಗೊಳಗೆ ಕೊರೆಯುತ್ತಿತ್ತು. ಒಂದು ಸಂಜೆ ಹಾಲಿನ ಹೊತ್ತಿಗೆ ಹೋಗಿ ಡೈರಿಯ ಮುಂದೆ ನಿಂತೆ. ಅಲ್ಲಿ ಜನರ ಸಾಲು ಇರಲಿಲ್ಲ, ಕ್ಯಾನುಗಳ ಸಾಲು ಇತ್ತು. ಕಿರುಗಾವಲು ಕಡೆಯ ಊರಿನಲ್ಲಿ ಹಾಲು ತಂದವರು ತಾವೇ ನಿಂತಿರುತ್ತಿದ್ದರು. ಇಲ್ಲಿ ಬಂದವರು ಕ್ಯಾನನ್ನು ಸಾಲಿನ ಕೊನೆಗೆ ಇಟ್ಟು, "ಮಡಗಿವ್ನಿ ಕಣಣ್ಣ, ಬತ್ತೀನಿ" ಎಂದು ಹೋಗಿಬಿಡುತ್ತಿದ್ದರು. ಒಬ್ಬರು ಬೀಡಿಗೆ, ಒಬ್ಬರು ಅಂಗಡಿಗೆ, ಒಬ್ಬರು ಮನೆಗೇ. ನಮ್ಮ ಕಡೆ ಹೊರಡುವವರು ಯಾರೂ ಹೋಗ್ತೀನಿ ಎನ್ನುವುದಿಲ್ಲ. ಹೋಗುವುದಕ್ಕೂ ಬತ್ತೀನಿ ಎಂದೇ ಹೇಳುವುದು. ಯಾವಾಗ ಬರುತ್ತಾರೆ ಎಂಬುದು ಆ ಮಾತಿನಲ್ಲಿ ಇರುವುದಿಲ್ಲ. ಕ್ಯಾನು ಮಾತ್ರ ಅವರ ಪರವಾಗಿ ನಿಂತಿರುತ್ತದೆ, ಯಜಮಾನರಿಲ್ಲದೆ ಅದನ್ನು ಯಾರೂ ಮುಟ್ಟುವುದಿಲ್ಲ.

ಸುಮಾರು ಐವತ್ತರ ಒಬ್ಬ ಹೆಂಗಸು ಬಿರಬಿರನೆ ಬಂದು ಕ್ಯಾನು ಇಟ್ಟರು. "ಕರ ಬುಟ್ಟು ಬಂದಿವ್ನಿ, ಕಟ್ಟಾಕ್ಬುಟ್ಟು ಬತ್ತೀನಿ" ಎಂದು ಬಂದಷ್ಟೇ ಬಿರುಸಾಗಿ ತಿರುಗಿದರು. ಅವರ ಹಿಂದೆಯೇ ಬಂದಿದ್ದ, ತಲೆಗೆ ಟವೆಲ್ ಸುತ್ತಿದ ಮುದುಕರು ತಮ್ಮ ಕ್ಯಾನನ್ನು ಆ ಕ್ಯಾನಿನ ಪಕ್ಕಕ್ಕೆ ಇಟ್ಟು ಅಲ್ಲೇ ಕುಕ್ಕರುಗಾಲಲ್ಲಿ ಕೂತರು.

"ಲೇ, ನೀರೆಮ್ಮೆ ಓಯ್ತು ಕಣ್ರಲಾ, ಬೋರ್‌ವೆಲ್ ತಾವ್ಕೆ ಓಯ್ತೇನೋ ನೋಡ್ರಲಾ" ಎಂದರು.

ಕೂತವರು ನಿಂತವರು ಎಲ್ಲ ನಕ್ಕರು. ಆ ಅಕ್ಕ ತಿರುಗಲಿಲ್ಲ, ನಿಲ್ಲಲೂ ಇಲ್ಲ. "ಎಮ್ಮೆಗ್ ನೀರ್ ಕುಡುಸ್ತೀನಿ ಕಣಜ್ಜ, ಆಲ್ಗ್ ಕುಡ್ಸಕ್ಕಿಲ್ಲ" ಎಂದು ಹೋಗುತ್ತಲೇ ಹೇಳಿದರು.

ಎಮ್ಮೆ ಹಾಲು ಹಾಕುವವರು ಆ ಊರಿನಲ್ಲಿ ಅವರೊಬ್ಬರೇ, ಮಿಕ್ಕವರದೆಲ್ಲ ಸೀಮೆಹಸು ಎಂದು ಸೆಕ್ರೆಟರಿ ಒಳಗಿಂದ ಹೇಳಿದರು. "ಗಟ್ಟಿ ಹಾಲು ಅಂತ್ಲೇ ಹೆಸ್ರಾಗಿದ್ರು ಸಾರ್. ಈಗ ನೋಡಿ. ಇನ್ನೊಂದ್ ಸಲ ಇಂಗ್ ಬಂದ್ರೆ ಅವ್ರ ಹಾಲೇ ಬ್ಯಾಡ ಅಂತವ್ರೆ ಮೆಂಬ್ರುಗಳು."

ನಾನು ಬಾಗಿಲಿಗೆ ಒರಗಿ ನೋಡುತ್ತಾ ಇದ್ದೆ. ಅಕ್ಕನ ಕ್ಯಾನಿನ ಸರದಿ ಬಂತು. ಸೆಕ್ರೆಟರಿ ಫೋನಿನಲ್ಲಿ ಅವರ ಪುಟ ತೆರೆದರು. ಹುಡುಕಾಟ ಶುರುವಾಯಿತು. ತಲೆ ಎತ್ತಿ ನೋಡಿದರೆ ಅಕ್ಕ ಇಲ್ಲ, ಕ್ಯಾನು ಮಾತ್ರ. "ಅಜ್ಜ, ನಿಂದು ಕೊಡು ಅಂಗಾರೆ" ಎಂದು ಪುಟ ಮುಚ್ಚಿ, ಮುದುಕರ ಪುಟ ತೆರೆದು, ಅವರ ಹಾಲನ್ನು ಮಿಷನ್‌ಗೆ ಕೊಟ್ಟರು. ಮಿಷನ್ ಸಿಕ್ಕಿತು. ಮುದುಕರ ಹಸುವಿನ ಅಂಕಿ ಬಂತು.

ನಾನು ಬಗ್ಗಿ ಫೋನಿನ ಪರದೆ ನೋಡಿದೆ. ಅಂಕಿ ಬಂದದ್ದು ಮುದುಕರ ಪುಟಕ್ಕೆ ಮಾತ್ರವಲ್ಲ. ನಾನು ಸಾಯಗೊಡದೆ ಹಿಡಿದಿಟ್ಟಿದ್ದೆನಲ್ಲ, ಅಕ್ಕನ ಆ ಕಾಲ್‌ಬ್ಯಾಕ್ ಇನ್ನೂ ಬದುಕಿತ್ತು. ಮಿಷನ್ ಸಿಕ್ಕಿದ್ದೇ ತಡ, ಅದೂ ಎದ್ದು ಅದೇ ಅಂಕಿಯನ್ನು ಅಕ್ಕನ ಹೆಸರಿಗೆ ಬರೆದಿತ್ತು. ಅಕ್ಕ ಕರು ಕಟ್ಟಿ ಬರುವಷ್ಟರಲ್ಲಿ ಅವರ ಎಮ್ಮೆ ಹಾಲಿಗೆ ಸೀಮೆಹಸುವಿನ ಫ್ಯಾಟು ಬಂದು ಕೂತಿತ್ತು. ಒಮ್ಮೆ ಅಂಕಿ ಬಂದರೆ ಆ ಹೊತ್ತಿಗೆ ಮತ್ತೆ ನೋಡಲಾಗದಂತೆ ಆಪಿನಲ್ಲಿ ಬೀಗ ಹಾಕಿದ್ದವನೂ ನಾನೇ, ಯಾರೂ ಒಳ್ಳೆ ಅಂಕಿ ಬರುವ ತನಕ ಪರೀಕ್ಷೆ ಮಾಡಿಸಬಾರದೆಂದು. ಹೀಗೆ ಕ್ಯಾನು ಇಟ್ಟುಹೋದ ಬೇರೆಯವರಿಗೂ ಸಾಲಿನಲ್ಲಿ ಅವರ ಹಿಂದಿದ್ದವರ ಅಂಕಿಯೇ ಬಂದಿರಬೇಕು. ಆದರೆ ಹಸುವಿಗೆ ಹಸುವಿನ ಅಂಕಿ ಬಂದರೆ ಯಾರಿಗೆ ತಿಳಿಯುತ್ತದೆ? ಎಮ್ಮೆಯದೊಂದೇ ಎದ್ದು ಕಂಡಿತು.

ಅಕ್ಕ ಬಂದರು. ಸೆಕ್ರೆಟರಿ ಫೋನ್ ನೋಡಿ, ಗದ್ದಲದಲ್ಲಿ ತಾವೇ ಆಗಲೇ ಹಾಲು ನೋಡಿರಬೇಕು ಎಂದುಕೊಂಡು, "ಅಕ್ಕ, ಇವತ್ತೂ ಅಂಗೇ ಅದಲ್ಲ" ಎಂದರು. ಅಕ್ಕ ಕ್ಯಾನು ಬಗ್ಗಿಸಿದರು. ನಾನು ಅಲ್ಲೇ ನಿಂತಿದ್ದೆ. ಮೊದಲು ಪೂರ್ತಿ ಖಾತ್ರಿ ಮಾಡಿಕೊಳ್ಳೋಣ, ಆಮೇಲೆ ಹೇಳೋಣ ಎಂದು ಸುಮ್ಮನಾದೆ. ಅನುಮಾನಿಸುವವನಿಗೆ ಬಾಯಿ ಮುಚ್ಚಿಕೊಂಡಿರಲು ಯಾವಾಗಲೂ ಒಂದು ಗೌರವದ ಕಾರಣ ಸಿಕ್ಕೇ ಸಿಗುತ್ತದೆ.

ಮಂಡ್ಯಕ್ಕೆ ಬಂದು ಸರಿಮಾಡಿದೆ. ಪುಟ ಮುಚ್ಚಿದರೆ ಮೊದಲು ಫೋನಿಗೆ ಇನ್ನು ಕರೆಯಬೇಡ ಎಂದು ಹೇಳುವುದು, ಆಮೇಲೆ ಕಾಲ್‌ಬ್ಯಾಕನ್ನು ಬಿಟ್ಟುಬಿಡುವುದು, ಅಷ್ಟರ ನಡುವೆಯೂ ತಡವಾಗಿ ಕರೆ ಬಂದರೆ ಈ ಪುಟ ಇನ್ನೂ ಇದೆಯೇ ಎಂದು ಕೇಳಿಕೊಂಡು ಇಲ್ಲದಿದ್ದರೆ ಅಂಕಿಯನ್ನು ಮುಟ್ಟದೇ ಇರುವುದು. ಬರೆದ ಸಾಲುಗಳು ಬೆರಳೆಣಿಕೆಯವು. ಹೊಸ ಆಪನ್ನು ಸೆಕ್ರೆಟರಿಯ ಫೋನಿಗೆ ಹಾಕಿಕೊಡಲು ಒಂದು ಬೆಳಿಗ್ಗೆ ಮೊದಲ ಬಸ್ಸಿಗೆ ಹೋದೆ. ಅವತ್ತೇ ಎಲ್ಲರ ಮುಂದೆ ಹೇಳಿದೆ ಎಂಬುದು ನನ್ನ ನೆನಪು. ಹೇಳಿ ಹಗುರಾಗಿ ಬಂದೆ.

ಈ ವರ್ಷ ಬೇರೆ ಏನೋ ಕೆಲಸಕ್ಕೆ ಸೆಕ್ರೆಟರಿಗೆ ಫೋನ್ ಮಾಡಿದ್ದೆ. ಮಾತಿನ ನಡುವೆ ಅವರು, "ತಡೀರಿ ಸಾರ್, ನೀರೆಮ್ಮೆ ಅಕ್ಕ ಬಂದ್ರು, ಹಾಲ್ ಹಾಕುಸ್ಕೊಂಡ್ಬುಡ್ತೀನಿ" ಎಂದರು.

"ಇನ್ನೂ ಹಾಗೆ ಕರೀತೀರಾ?"

"ಊರೆಲ್ಲ ಅಂಗೇ ಅಂತದೆ, ನನ್ ಬಾಯಿಗೂ ಬತ್ತದೆ. ಈಗ ಬುಡಿ ಸಾರ್, ಒಳ್ಳೆ ಹಾಲು ಹಾಕ್ತಾರೆ. ಸಿಕ್ಕಾಕ್ಕೊಂಡ್ಮೇಲೆ ಸರಿಯಾದ್ರು ಅಂತರೆ ಜನ."

ಸಿಕ್ಕಿಹಾಕಿಕೊಂಡ ಮೇಲೆ ಸರಿಯಾದರು. ಅಂದರೆ ನಾನು ತಪ್ಪು ತಿದ್ದಿದ್ದೇ ಅವರ ಮೇಲಿನ ಆರೋಪಕ್ಕೆ ಸಾಕ್ಷಿಯಾಗಿತ್ತು. ಅಂಕಿ ಇದ್ದಕ್ಕಿದ್ದಂತೆ ಏರಿದ್ದನ್ನು ಊರು ನೋಡಿತು, ನೀರು ಬೆರೆಸುವುದನ್ನು ಬಿಟ್ಟಳು ಎಂದುಕೊಂಡಿತು.

"ನಾನು ಅವತ್ತು ಎಲ್ಲರ ಮುಂದೆ ಹೇಳಿದ್ನಲ್ಲ, ತಪ್ಪು ನಂದು ಅಂತ."

"ಯಾರ್ ಮುಂದೆ ಸಾರ್?" ಎಂದರು ಅವರು. "ನನ್ ತಾವ ಏನೋ ಅಂದ್ರಿ. ಬ್ಲೂಟೂತಿಂದು ಏನೋ. ನಂಗ್ ಪೂರಾ ಅರ್ಥ ಆಗ್ನಿಲ್ಲ."

ಹೆಂಡತಿಯನ್ನು ಕೇಳಿದೆ. "ಎಲ್ಲರಿಗೂ ಹೇಳಿಬಂದೆ ಅಂತ ಅವತ್ತೇ ಊಟಕ್ಕೆ ಕೂತಾಗ ಹೇಳಿದ್ರಲ್ಲ" ಎಂದಳು. ಅದರಿಂದ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಹೆಂಡತಿಗೆ ನೆನಪಿದ್ದದ್ದು ನಾನು ಹೇಳಿದ ಮಾತು, ಅಲ್ಲಿ ನಡೆದದ್ದಲ್ಲ. ಫೋನಿನ ಮೆಮೊರಿಯಲ್ಲಿ ಒಂದು ಜಾಗವನ್ನು ಬಿಟ್ಟುಕೊಟ್ಟ ಮೇಲೆ ಅದು ಖಾಲಿಯಾಗುವುದಿಲ್ಲ. ಅಲ್ಲಿ ಬೇರೇನೋ ಬಂದು ಕೂರುತ್ತದೆ. ಹಳೆಯ ವಿಳಾಸ ಹಿಡಿದು ಹೋಗಿ ಕೇಳಿದರೆ ಗೊತ್ತಿಲ್ಲ ಎನ್ನುವುದಿಲ್ಲ, ಏನೋ ಒಂದನ್ನು ಕೊಡುತ್ತದೆ, ಅದೇ ನಿಜ ಎನ್ನುವ ಹಾಗೆ. ದಿನಾ ಇದನ್ನು ಹುಡುಕಿ ತಿದ್ದುವುದೇ ನನ್ನ ಕೆಲಸ. ಆ ಸಂಜೆ ನೋಡಿದ ಕ್ಯಾನುಗಳ ಸಾಲನ್ನು, ಟವೆಲಿನ ಮುದುಕರನ್ನು ತಂದು ಆ ಬೆಳಗಿಗೆ ಅಂಟಿಸಿಕೊಂಡು ನಾನೇ ಅದರ ಮುಂದೆ ನಿಂತಿದ್ದೆನೆ?

ಕೂತು ಯೋಚಿಸಿದರೆ ತಿಳಿಯುವ ವಿಷಯವಲ್ಲ. ಆಗ ನನ್ನ ಹತ್ತಿರ ಗಾಡಿ ಇರಲಿಲ್ಲ, ಹೋದದ್ದು ಬಸ್ಸಿನಲ್ಲೇ. ಹಾಗಾಗಿ ಮತ್ತೆ ಅದೇ ಬಸ್ಸು ಹಿಡಿದೆ. ಮಂಡ್ಯದಿಂದ ಮದ್ದೂರು, ಮದ್ದೂರಿನಿಂದ ಆ ಊರಿಗೆ ಹೋಗುವ ಮೊದಲ ಬಸ್ಸು. ಬೆಸಗರಹಳ್ಳಿ ದಾಟಿ ಸ್ವಲ್ಪ ದೂರ ಹೋಗಿದ್ದೆವು. ಎದುರಿಗೆ ಆ ಊರಿನ ಹಾಲು ತುಂಬಿಕೊಂಡ ವ್ಯಾನು ಬಂತು, ನಮ್ಮ ಬಸ್ಸು ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು. ಇದು ದಿನಾ ಇಲ್ಲೇ ಎದುರಾಗುತ್ತದೆಯೇ ಎಂದು ಕಂಡಕ್ಟರನ್ನು ಕೇಳಿದೆ.

"ದಿನಾ ಇಲ್ಲೇ ಸಿಗೋದು ಕಣ್ರೀ ಅದು. ನಾನು ಈ ರೂಟಿಗೆ ಬಂದು ಮೂರು ವರ್ಷ, ಆಗ್ಲಿಂದ್ಲೂವೆ" ಎಂದರು.

ಡೈರಿಯ ಮುಂದೆ ಇಳಿದಾಗ ಕ್ಯಾನೂ ಇಲ್ಲ, ಜನವೂ ಇಲ್ಲ. ಸೆಕ್ರೆಟರಿ ಪ್ಯಾಂಟು ಮಡಚಿಕೊಂಡು ನೆಲ ತೊಳೆಯುತ್ತಿದ್ದರು. ಮೊದಲ ಬಸ್ಸಿಗೆ ಬಂದವನಿಗೆ ಆ ಡೈರಿಯ ಮುಂದೆ ಹೇಳಿಕೊಳ್ಳಲು ಜನವೇ ಸಿಗುವುದಿಲ್ಲ.

ಅಕ್ಕನ ಮನೆ ಕೇಳಿಕೊಂಡು ಹೋದೆ. ಎಮ್ಮೆ ಕೊಟ್ಟಿಗೆಯಾಚೆ ಮಲಗಿ ಮೆಲುಕು ಹಾಕುತ್ತಿತ್ತು. ಅಕ್ಕ ಗಂಜಲದ ಕಾಲುವೆ ಬಳಿಯುತ್ತಿದ್ದರು. ನಾನು ಯಾರೆಂದು ಹೇಳಿದೆ, ಏನು ನಡೆಯಿತೆಂದೂ ಹೇಳಿದೆ. ಬ್ಲೂಟೂತು, ಕಾಲ್‌ಬ್ಯಾಕು ಎಲ್ಲ ಬಿಟ್ಟು, "ನೀವು ಕರು ಕಟ್ಟಕ್ಕೆ ಹೋದಾಗ ನಿಮ್ಮ ಹಿಂದೆ ಕ್ಯಾನು ಇಟ್ಟವರ ಹಾಲಿನ ಅಂಕಿ ನಿಮ್ಮ ಹೆಸರಿಗೆ ಬೀಳ್ತಿತ್ತು. ಹಂಗೆ ಬೀಳೋ ಹಾಗೆ ಬರೆದವನು ನಾನು" ಎಂದೆ.

ಪೊರಕೆ ಹಿಡಿದ ಕೈ ನಿಂತಿತು. "ನೀನೇನಪ್ಪ ಅವತ್ತು ಪೋನಲ್ ಮಾತಾಡ್ದೋನು?"

"ಯಾವತ್ತು?"

"ಆಲೇ ಅಂಗಿರ್ಬೋದು ಅಂದ್ಯಲ್ಲ. ಸೆಕ್ರೆಟ್ರಿ ಕೈಲಿ ಆಲಿನ್ ಲೋಟ ಇತ್ತು, ಪೋನ್ನ ಮೇಜಿನ್ ಮೇಲ್ ಮಡಗಿ ಸ್ಪೀಕ್ರು ಆಕಿದ್ದ. ಇಡೀ ಸಾಲ್ಗೆ ಕೇಳ್ತು. ಇಂಜಿನೇರೇ ಯೋಳ್ಬುಟ್ಟ ಅಂದ್ರು. ಅವತ್ತಿಂದ್ಲೇ ಸುರುವಾಗಿದ್ದು ಈ ನೀರೆಮ್ಮೆ."

ನನಗೆ ಅಲ್ಲಿಯತನಕ ಅದು ಗೊತ್ತಿರಲಿಲ್ಲ. ಅಪವಾದವನ್ನು ಇಡೀ ಸಾಲಿಗೆ ಕೇಳುವ ಹಾಗೆ ಹೇಳಿದ್ದೆ. ತಪ್ಪೊಪ್ಪಿಗೆಯನ್ನು ನೆಲ ತೊಳೆಯುತ್ತಿದ್ದವರ ಕಿವಿಗೆ ಮಾತ್ರ ಹೇಳಿದ್ದೆ.

"ತಪ್ಪಾಯ್ತಕ್ಕ" ಎಂದೆ.

"ನಂಗೇಕ್ ಯೋಳೀಯಪ್ಪ? ನಾನ್ ನೀರ್ ಆಕ್ನಿಲ್ಲ ಅಂತ ನಂಗ್ ಗೊತ್ತಿಲ್ವಾ?" ಅಕ್ಕ ಮತ್ತೆ ಬಳಿಯಲು ಬಗ್ಗಿದರು. "ಕೇಳಿಸ್ಕಂಡೋರ್ಗ್ ಯೋಳು. ಸಂದೆ ಅವ್ರೇ ಎಲ್ಲ ಇರ್ತಾರೆ."

ಸಂಜೆಯವರೆಗೆ ಆ ಊರಿನ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕೂತಿದ್ದೆ. ಮದ್ದೂರಿಗೆ ಹೋಗುವ ಬಸ್ಸು ಬಂದಾಗಲೆಲ್ಲ ಎದ್ದು ನಿಲ್ಲಬೇಕೆನಿಸುತ್ತಿತ್ತು. ಕ್ಯಾನುಗಳ ಸಾಲು ಬೆಳೆದಾಗ ಹೋಗಿ ಅದರ ನಡುವೆ ನಿಂತೆ. ಏನೇನು ಹೇಳಿದೆ ಎಂದು ಇಲ್ಲಿ ಬರೆಯುತ್ತಿರುವುದನ್ನೂ ಪೂರ್ತಿ ನಂಬಬೇಕಾಗಿಲ್ಲ. ಅಕ್ಕನ ಹೆಸರಿಗೆ ಬಂದ ಅಂಕಿ ಅಕ್ಕನ ಹಾಲಿನದಲ್ಲ, ಪಕ್ಕದ ಕ್ಯಾನಿನದು ಎಂದೆ. ಹಾಲೇ ಹಾಗಿರಬಹುದು ಎಂದು ಫೋನಿನಲ್ಲಿ ಹೇಳಿದವನು ನಾನೇ, ಹಾಲು ಹಾಗಿರಲಿಲ್ಲ ಎಂದೆ.

ಆಮೇಲೆ ಯಾರೋ ಒಬ್ಬರು ಟವೆಲಿನ ಮುದುಕರನ್ನು ಕೆಣಕಿದರು.

"ಪಕ್ಕದ್ ಕ್ಯಾನು ಅಂದ್ರೆ ನಿಂದೇ ಅಲ್ವೇನಜ್ಜೋ? ನಿನ್ ಸೀಮೆಹಸಾ ಓಗಿ ಎಮ್ಮೆ ಒಟ್ಟೆವೊಳ್ಗೆ ಕುಂತಿತ್ತಲ್ಲೋ!"

"ನನ್ ಹಸಾ ಏನ್ಲಾ ಮಾಡ್ತು? ಅದ್ರ ಪಾಡ್ಗದು ಕರುಸ್ಕಂಡದೆ" ಎಂದು ಮುದುಕರು ರೇಗಿದರು. ಆಮೇಲೆ ನನ್ನ ಕಡೆ ತಿರುಗಿ, "ಅಲ್ಲ ಕಣಪ್ಪ, ಇದ್ನ ಯೋಳಕ್ಕೆ ವರ್ಸ ಬೇಕಾಯ್ತಾ? ಬಾಯ್ಗೇನ್ ಅವ್ಲಕ್ಕಿ ತುಂಬ್ಕಂಡಿದ್ದಾ?" ಎಂದರು. ಎಲ್ಲರೂ ನಕ್ಕರು. ಈ ಸಲ ನನ್ನನ್ನು ನೋಡಿ.

ಅಕ್ಕ ನಗಲಿಲ್ಲ. ಅವತ್ತು ಕ್ಯಾನು ಇಟ್ಟು ಹೋಗಿರಲಿಲ್ಲ, ಅದರ ಪಕ್ಕದಲ್ಲೇ ನಿಂತಿದ್ದರು. "ಮಾತ್ ಸಾಕು, ಆಲ್ ಆಕುಸ್ಕಳಿ, ಕರ ಬುಟ್ಟು ಬಂದಿವ್ನಿ" ಎಂದರು ಸೆಕ್ರೆಟರಿಗೆ. ಹೋಗುವಾಗ ನನ್ನ ಮುಂದೆಯೇ ಹಾದುಹೋದರು. ಬತ್ತೀನಿ ಎಂದು ಹೇಳಿದರೋ, ಹಾಗೆ ಹೇಳಿದರೆಂದು ನಾನು ಆಸೆಪಟ್ಟೆನೋ ಗೊತ್ತಿಲ್ಲ.

ಆ ಹೆಸರು ಈಗ ನಿಂತಿದೆಯೇ ಎಂದು ನಾನು ಸೆಕ್ರೆಟರಿಯನ್ನು ಕೇಳಿಲ್ಲ. ಊರಿನ ಬಾಯಿಂದ ಒಂದು ಹೆಸರನ್ನು ಬಿಡಿಸುವ ಸಾಲು ಬರೆಯಲು ನನಗೆ ಬರುವುದಿಲ್ಲ. ಆದರೆ ಕೆಲವು ವಾರ ಕಳೆಯುತ್ತಿದ್ದ ಹಾಗೆ ಹಳೆಯ ಕಸಿವಿಸಿ ಮತ್ತೆ ಶುರುವಾಯಿತು. ಆ ಸಂಜೆ ನಾನು ನಿಜವಾಗಿಯೂ ಹೊರಗೆ ನಿಂತು ಹೇಳಿದೆನೆ? ಕ್ಯಾನುಗಳು, ಟವೆಲು, ನಗು, ಎಲ್ಲ ಮತ್ತೆ ಅತಿಯಾಗಿ ಸ್ಪಷ್ಟವಾಗಿದ್ದವು.

ಮೊನ್ನೆ ಮದ್ದೂರಿನ ಬಸ್ ನಿಲ್ದಾಣದಲ್ಲಿ ಟವೆಲಿನ ಮುದುಕರು ಸಿಕ್ಕರು. ಕೇಳಿಯೇಬಿಟ್ಟೆ.

"ಎಲ್ ನಿಂತಿದ್ದೆ ಅಂದ್ರೆ? ಆಚೆ ಕಣಪ್ಪ, ನನ್ ಕ್ಯಾನ್ ತಾವ" ಎಂದರು. "ಕಾಲಲ್ ಒದ್ದು ಮುಚ್ಚಳನ ಚರಂಡಿಗ್ ಬೀಳುಸ್ದಲ್ಲ. ತೊಳ್ಕಂಡೋನು ನಾನು. ಗ್ಯಾನ ಇಲ್ವಾ?"

ಮುಚ್ಚಳದ್ದು ನನ್ನ ಚಿತ್ರದಲ್ಲಿ ಎಲ್ಲೂ ಇರಲಿಲ್ಲ. ಮಂಡ್ಯಕ್ಕೆ ಬಂದು, ಮುದುಕರು ಸಿಕ್ಕಿದ್ದನ್ನು ಹೇಳದೆ, ಸೆಕ್ರೆಟರಿಗೆ ಫೋನ್ ಮಾಡಿ ಅವತ್ತು ನಾನು ಎಲ್ಲಿ ನಿಂತು ಹೇಳಿದೆ ಎಂದಷ್ಟೇ ಕೇಳಿದೆ. ಆಚೆ, ಅಜ್ಜನ ಕ್ಯಾನಿನ ಹತ್ತಿರ, ಮುಚ್ಚಳ ಚರಂಡಿಗೆ ಬಿದ್ದಿತ್ತು ಎಂದು ಅವರೂ ಹೇಳಿದರು.